ಕಿರ್ದಿ, ಖತಾವಣಿ ಮತ್ತು ಕಂಪ್ಯೂಟರ್: ಸಂಘದ ಲೆಕ್ಕ ತಡವಾಗುವುದೇಕೆ?

ಕಳೆದ ಎರಡು ಕೊಯ್ಲುಗಳಿಂದ ಸದಸ್ಯ ಬಂಧುಗಳಲ್ಲಿ ಅನೇಕರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಚೀಟಿ ಕೂಡಲೇ ಕೈಗೆ ಬರುತ್ತಿತ್ತು, ಈಗ ಖಾತೆಯ ತಃಖ್ತೆ ತೆಗೆಸಲು ಹೋದರೆ ಒಂದು ಬಾಯಿ ಎಲೆಯಡಿಕೆ ಮುಗಿಯುವಷ್ಟು ಹೊತ್ತು ನಿಲ್ಲಬೇಕು, ಯಂತ್ರ ಹಳೆಯದಾಯಿತೇ, ಎಂದು. ಮಹಾಸಭೆಯಲ್ಲಿಯೂ ಈ ವಿಷಯ ಬಂತು. ಹೊಸ ಯಂತ್ರ ಕೊಳ್ಳಬೇಕೆಂದು ಕೆಲವರು, ಬ್ಯಾಂಕಿನವರ ಹಾಗೆ ದೊಡ್ಡ ಸಾಫ್ಟ್‌ವೇರ್ ಹಾಕಿಸಬೇಕೆಂದು ಕೆಲವರು, ಹಳೆಯ ವರ್ಷಗಳ ಚೀಟಿಗಳನ್ನು ಅಳಿಸಿಬಿಟ್ಟರೆ ಯಂತ್ರ ಹಗುರಾಗುತ್ತದೆಂದು ಇನ್ನು ಕೆಲವರು ಸಲಹೆ ಕೊಟ್ಟರು. ಈ ಮೂರರಲ್ಲಿ ಯಾವುದೂ ಬೇಕಾಗಲಿಲ್ಲ. ಮೂರನೆಯದಂತೂ ಅಪಾಯದ ಸಲಹೆ. ರೋಗ ಎಲ್ಲಿತ್ತು, ಅದನ್ನು ಹೇಗೆ ಪತ್ತೆ ಮಾಡಲಾಯಿತು, ಹುಡುಕುವಾಗ ನಿಧಾನಕ್ಕಿಂತ ದೊಡ್ಡದಾದ ಇನ್ನೊಂದು ತೊಡಕು ಹೇಗೆ ಕಣ್ಣಿಗೆ ಬಿತ್ತು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ತೋಟದ ಕೂಲಿ ಲೆಕ್ಕವನ್ನು ಫೋನಿನಲ್ಲೇ ಇಡುವ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರೆ. ಅವರಿಗೂ ಇದು ಉಪಯೋಗವಾದೀತು.

ಮೊದಲು ಆ ವಸ್ತು ಯಾವುದೆಂದು ತಿಳಿಯೋಣ. ನಮ್ಮ ಸಂಘದ ಲೆಕ್ಕ ಕುಳಿತಿರುವುದು ಎಸ್‌ಕ್ಯುಎಲೈಟ್ ಎಂಬ ಡೇಟಾಬೇಸಿನಲ್ಲಿ. ಡೇಟಾಬೇಸ್ ಎಂದರೆ ಕ್ರಮವಾಗಿ ಬರೆದಿಟ್ಟ ದಾಖಲೆಗಳ ಸಂಗ್ರಹ. ಕೇಳಿದ ಪ್ರಶ್ನೆಗೆ ಅದರೊಳಗಿಂದ ಉತ್ತರ ಹುಡುಕಿ ಕೊಡುವ ವ್ಯವಸ್ಥೆಯೂ ಅದರ ಜೊತೆಗಿರುತ್ತದೆ. ಬ್ಯಾಂಕುಗಳಲ್ಲಿ ಇದಕ್ಕೆಂದೇ ಬೇರೆ ಯಂತ್ರ, ಅದನ್ನು ನೋಡಿಕೊಳ್ಳಲು ಬೇರೆ ಸಿಬ್ಬಂದಿ. ಎಸ್‌ಕ್ಯುಎಲೈಟಿಗೆ ಇದೇನೂ ಬೇಡ. ಇಡೀ ಲೆಕ್ಕ ಒಂದೇ ಒಂದು ಕಡತದಲ್ಲಿರುತ್ತದೆ, ಲೆಕ್ಕ ಬರೆಯುವ ಪ್ರೋಗ್ರಾಮಿನ ಹೊಟ್ಟೆಯೊಳಗೇ ಅದರ ಯಂತ್ರವೂ ಸೇರಿರುತ್ತದೆ. ಇದನ್ನು ಬರೆದವರು ಅಮೆರಿಕದ ರಿಚರ್ಡ್ ಹಿಪ್. ಅಲ್ಲಿಯ ನೌಕಾದಳದ ಒಂದು ಯುದ್ಧನೌಕೆಗೆ ಬೇಕಾದ ಪ್ರೋಗ್ರಾಮಿನ ಕೆಲಸ ಅವರ ಪಾಲಿಗಿತ್ತು. ಡೇಟಾಬೇಸಿನ ಯಂತ್ರ ನಿಂತಾಗಲೆಲ್ಲ ಇವರ ಪ್ರೋಗ್ರಾಮೂ ನಿಲ್ಲುತ್ತಿತ್ತು. ಬೇರೆ ಯಂತ್ರದ ಹಂಗಿಲ್ಲದ ಒಂದು ಡೇಟಾಬೇಸ್ ಏಕಿರಬಾರದು ಎಂಬ ಯೋಚನೆಯಿಂದ 2000ದಲ್ಲಿ ಇದು ಹುಟ್ಟಿತು. ಇದಕ್ಕೆ ಯಾರ ಹಕ್ಕುಸ್ವಾಮ್ಯವೂ ಇಲ್ಲ, ಲೈಸೆನ್ಸಿನ ಹಣವೂ ಇಲ್ಲ. ನಿಮ್ಮ ಜೇಬಿನ ಸ್ಮಾರ್ಟ್‌ಫೋನಿನಲ್ಲಿಯೂ ಇದೇ ಇದೆ. ಆದ್ದರಿಂದ "ಸಣ್ಣ ಸಾಫ್ಟ್‌ವೇರ್, ಅದಕ್ಕೇ ತಡ" ಎನ್ನುವವರ ಮಾತಿಗೆ ಬೆಲೆ ಕೊಡಬೇಕಾದ್ದಿಲ್ಲ. ಒಂದು ಲಕ್ಷ ಚೀಟಿ ಇದಕ್ಕೆ ಹೊರೆಯೇ ಅಲ್ಲ.

ಹಾಗಾದರೆ ತಡ ಏಕೆ? ಹಳೆಯ ಅಂಗಡಿ ಲೆಕ್ಕ ಬಲ್ಲ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಿರ್ದಿ ಪುಸ್ತಕದಲ್ಲಿ ವ್ಯವಹಾರಗಳನ್ನು ಬಂದ ಬಂದ ಹಾಗೆ ಬರೆಯುತ್ತಾ ಹೋಗುತ್ತೇವೆ. ಖತಾವಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಶಿವಪ್ಪನ ಬಾಕಿ ಎಷ್ಟೆಂದು ಕೇಳಿದರೆ ಖತಾವಣಿ ಇದ್ದವನು ಒಂದು ಪುಟ ತಿರುವಿ ಹೇಳುತ್ತಾನೆ. ಬರೀ ಕಿರ್ದಿ ಇದ್ದವನು ಯುಗಾದಿಯಿಂದ ಯುಗಾದಿಯವರೆಗೆ ಎಲ್ಲ ಪುಟಗಳ ಮೇಲೂ ಬೆರಳಾಡಿಸಬೇಕು. ಡೇಟಾಬೇಸಿನಲ್ಲಿ ದಾಖಲೆಗಳ ಕೋಷ್ಟಕವೇ ಕಿರ್ದಿ. ಖತಾವಣಿಗೆ ಅಲ್ಲಿ ಇಂಡೆಕ್ಸ್ ಎಂದು ಹೆಸರು. ಚೀಟಿಯ ಸಂಖ್ಯೆಯಂತಹ ಮುಖ್ಯ ಗುರುತಿಗೆ ಖತಾವಣಿಯನ್ನು ಯಂತ್ರ ತಾನಾಗಿಯೇ ಇಡುತ್ತದೆ. ಸದಸ್ಯ ಸಂಖ್ಯೆಗೋ ತಾರೀಖಿಗೋ ಬೇಕೆಂದರೆ ಪ್ರೋಗ್ರಾಮ್ ಬರೆಯುವವರೇ ಹೇಳಿ ಮಾಡಿಸಬೇಕು. ಹೇಳದಿದ್ದರೆ ಯಂತ್ರ ತಕರಾರು ಮಾಡುವುದಿಲ್ಲ, ಸುಮ್ಮನೆ ಇಡೀ ಕಿರ್ದಿ ಓದುತ್ತದೆ.

ಒಂದು ಸಂಘದಲ್ಲಿ 600 ಸದಸ್ಯರು, ವರ್ಷಕ್ಕೆ 12,000 ಚೀಟಿಗಳು ಎಂದಿಟ್ಟುಕೊಳ್ಳೋಣ. ವರ್ಷಾಂತ್ಯದಲ್ಲಿ ಎಲ್ಲರ ಬಾಕಿ ಪಟ್ಟಿ ತೆಗೆಯುವಾಗ ಪ್ರೋಗ್ರಾಮು ಒಬ್ಬೊಬ್ಬ ಸದಸ್ಯನ ಬಗ್ಗೆಯೂ ಒಂದೊಂದು ಸಲ ಕೇಳುತ್ತದೆ. ಖತಾವಣಿ ಇಲ್ಲದಿದ್ದರೆ ಪ್ರತಿ ಸಲವೂ ಪೂರ್ತಿ ಕಿರ್ದಿಯನ್ನು ಓದಬೇಕು. ಮೊದಲ ವರ್ಷ 600 ಸಲ 12,000, ಅಂದರೆ 72 ಲಕ್ಷ ಸಾಲು. ಈಗಿನ ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಎಂಟನೆಯ ವರ್ಷಕ್ಕೆ ಚೀಟಿಗಳು 96,000 ಆಗಿ, ಓದಬೇಕಾದ ಸಾಲುಗಳು 5 ಕೋಟಿ 76 ಲಕ್ಷ ಆಗುತ್ತವೆ. ಯಂತ್ರ ಅದೇ, ಪ್ರೋಗ್ರಾಮೂ ಅದೇ, ಕಿರ್ದಿ ಮಾತ್ರ ದಪ್ಪವಾಯಿತು. ಹೊಸದರಲ್ಲಿ ಚುರುಕಾಗಿದ್ದು ವರ್ಷ ವರ್ಷಕ್ಕೆ ಮಂದವಾಗುತ್ತಾ ಬಂದರೆ ಯಂತ್ರದ ವಯಸ್ಸಿಗಿಂತ ಮೊದಲು ಈ ಕಾರಣವನ್ನು ಸಂಶಯಿಸಬೇಕು. ಹೊಸ ಯಂತ್ರ ಎರಡು ಪಟ್ಟು ವೇಗದ್ದಾದರೂ ಕಿರ್ದಿ ಇನ್ನಷ್ಟು ಬೆಳೆದಾಗ ಮತ್ತೆ ಹಳೆಯ ಕಥೆಯೇ. ಖತಾವಣಿ ಇದ್ದರೆ ಲಕ್ಷ ಚೀಟಿಗಳ ನಡುವೆ ಒಬ್ಬನ ಪುಟಕ್ಕೆ ತಲುಪಲು ಮೂರು ನಾಲ್ಕು ಕಡೆ ತಿರುವಿದರೆ ಸಾಕು.

ಇದನ್ನು ಬರಿಯ ಊಹೆಯಿಂದ ಹೇಳುತ್ತಿಲ್ಲ. ಈ ಡೇಟಾಬೇಸಿನಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ. ಯಾವುದೇ ಪ್ರಶ್ನೆಯ ಮುಂದೆ "ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್" ಎಂಬ ಮೂರು ಪದಗಳನ್ನು ಸೇರಿಸಿದರೆ, ಉತ್ತರ ಹುಡುಕುವ ಬದಲು ತಾನು ಯಾವ ದಾರಿಯಲ್ಲಿ ಹುಡುಕಲಿದ್ದೇನೆ ಎಂಬುದನ್ನು ಅದು ಬಾಯಿಬಿಟ್ಟು ಹೇಳುತ್ತದೆ. ರೋಗಿಯೇ ನೋವು ಎಲ್ಲಿದೆಯೆಂದು ತೋರಿಸುವಾಗ ವೈದ್ಯ ಕತ್ತಲೆಯಲ್ಲಿ ಏಕೆ ತಡಕಾಡಬೇಕು?

ನಮ್ಮ ಪ್ರೋಗ್ರಾಮನ್ನು ಈಗ ನೋಡಿಕೊಳ್ಳುತ್ತಿರುವ ತರುಣರು ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂನವರು. ಬಂಗಾರಪೇಟೆಯಲ್ಲಿ ಕವಲೊಡೆಯುವ ಸಣ್ಣ ರೈಲುಮಾರ್ಗದ ಕೊನೆಯ ನಿಲ್ದಾಣ ಅದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಆ ಊರಿನ ಅನೇಕ ಮನೆಗಳವರಿಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವುದೇ ಜೀವನವಾಗಿದೆ. ಈ ತರುಣರೂ ಹಾಗೆಯೇ ಓಡಾಡುವವರು. ಭಾನುವಾರ ಮಾತ್ರ ಮನೆಯಲ್ಲಿ ಸಿಗುತ್ತಾರೆಂದು ನಾವೇ ಲೆಕ್ಕದ ಪ್ರತಿಯನ್ನು ತೆಗೆದುಕೊಂಡು ಅಲ್ಲಿಗೆ ಹೋದೆವು. ಕಾಫಿ ಅಡಿಕೆಯ ಗಂಧವೇ ಇಲ್ಲದ ಬಯಲು ಸೀಮೆ. ಸುತ್ತ ಗಣಿಯ ಪುಡಿಮಣ್ಣಿನ ದಿಣ್ಣೆಗಳು. ಆದರೆ ಕೆಳಗೆ ಇಳಿದು ಹುಡುಕುವುದು ಎಂದರೇನೆಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ.

ತರುಣರ ತಂದೆ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಂಡೆಕ್ಸಿನ ವಿಷಯವನ್ನು ಮಗ ನಮಗೆ ವಿವರಿಸುತ್ತಿದ್ದಾಗ ಅವರು ನಡುವೆ ಬಾಯಿ ಹಾಕಿ, ಇದು ನಮ್ಮ ಶಾಫ್ಟ್ ಇದ್ದ ಹಾಗೆಯೇ ಎಂದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಅಲ್ಲಿ ಬಂಡೆಯನ್ನೆಲ್ಲ ಅಗೆಯುತ್ತಾ ಯಾರೂ ಕೆಳಗೆ ಹೋಗುತ್ತಿರಲಿಲ್ಲ. ಶಾಫ್ಟಿನಲ್ಲಿ ಬೇಕಾದ ಮಟ್ಟಕ್ಕೆ ಇಳಿಯುವುದು, ಆ ಮಟ್ಟದಲ್ಲಿ ಬೇಕಾದ ಸುರಂಗ ಹಿಡಿಯುವುದು, ಸುರಂಗದ ಕೊನೆಯಲ್ಲಿ ಅದಿರು. ಮೂರು ತಿರುವಿನಲ್ಲಿ ಜಾಗ ಸಿಕ್ಕಿತು. ಡೇಟಾಬೇಸಿನ ಇಂಡೆಕ್ಸೂ ಕಟ್ಟಿರುವುದು ಇದೇ ರೀತಿ. ಮೇಲಿನ ಒಂದು ಪುಟ ಕೆಳಗಿನ ನೂರಾರು ಪುಟಗಳ ದಾರಿ ತೋರಿಸುತ್ತದೆ, ಅವು ತಮ್ಮ ಕೆಳಗಿನವುಗಳ ದಾರಿ ತೋರಿಸುತ್ತವೆ. ಅಂದಹಾಗೆ, ರಿಚರ್ಡ್ ಹಿಪ್ ತಮ್ಮ ಡೇಟಾಬೇಸಿನ ಹೆಸರನ್ನು ಗ್ರಾಫೈಟ್, ಬಾಕ್ಸೈಟ್ ಎಂಬ ಖನಿಜಗಳ ಹೆಸರಿನಂತೆಯೇ ಉಚ್ಚರಿಸುತ್ತಾರೆ. ಇದನ್ನು ಕೇಳಿ ಹಿರಿಯರಿಗೆ ಬಹಳ ಸಂತೋಷವಾಯಿತು.

ಯಂತ್ರ ಕೊಡುವ ವರದಿಯಲ್ಲಿ ನೋಡಬೇಕಾದ ಪದಗಳು ಎರಡೇ. "ಸ್ಕ್ಯಾನ್" ಎಂದಿದ್ದರೆ ಕೋಷ್ಟಕವನ್ನು ಪೂರ್ತಿ ಓದುತ್ತದೆ ಎಂದರ್ಥ. "ಸರ್ಚ್" ಎಂದು ಬಂದು ಅದರ ಜೊತೆ ಇಂಡೆಕ್ಸಿನ ಹೆಸರಿದ್ದರೆ ಖತಾವಣಿ ಬಳಸುತ್ತದೆ ಎಂದರ್ಥ. "ಟೆಂಪ್ ಬಿ-ಟ್ರೀ" ಎಂಬ ಮಾತು ಕಂಡರೆ, ಸಿಕ್ಕಿದ್ದನ್ನು ತಾರೀಖಿನಂತೆಯೋ ಹೆಸರಿನಂತೆಯೋ ಜೋಡಿಸಲು ಆ ಕ್ಷಣಕ್ಕೊಂದು ತಾತ್ಕಾಲಿಕ ಪುಸ್ತಕ ಕಟ್ಟುತ್ತದೆ ಎಂದರ್ಥ. "ಆಟೊಮ್ಯಾಟಿಕ್ ಇಂಡೆಕ್ಸ್" ಎಂದು ಬಂದರೆ ಇನ್ನೂ ಸ್ವಾರಸ್ಯ. ನೀವು ಖತಾವಣಿ ಇಟ್ಟಿಲ್ಲವೆಂದು ಯಂತ್ರವೇ ಬೇಸರಪಟ್ಟು ಒಂದನ್ನು ಬರೆದುಕೊಂಡು, ಕೆಲಸ ಮುಗಿದೊಡನೆ ಹರಿದುಹಾಕುತ್ತದೆ. ನಾಳೆ ಮತ್ತೆ ಬರೆಯುತ್ತದೆ. ಅದನ್ನು ಶಾಶ್ವತವಾಗಿ ಇಟ್ಟುಬಿಡಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ನಮ್ಮ ಲೆಕ್ಕದಲ್ಲಿ ಸದಸ್ಯನ ತಃಖ್ತೆಯ ಪ್ರಶ್ನೆಗೆ "ಸ್ಕ್ಯಾನ್" ಎಂಬ ಉತ್ತರವೇ ಬಂತು. ಸದಸ್ಯ ಸಂಖ್ಯೆ ಮತ್ತು ತಾರೀಖು ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಮಾಡಿದ ಮೇಲೆ ಅದೇ ಪ್ರಶ್ನೆ "ಸರ್ಚ್" ಆಯಿತು. ಬಹುಪಾಲು ತಡ ಅಲ್ಲಿಗೇ ಮುಗಿಯಿತು. ಎರಡು ಅಂಶಗಳ ಇಂಡೆಕ್ಸಿನಲ್ಲಿ ಯಾವುದು ಮೊದಲು ಎಂಬುದು ಮುಖ್ಯ. ಮೊದಲು ಸದಸ್ಯ, ಆಮೇಲೆ ತಾರೀಖು ಎಂದು ಬರೆದಿಟ್ಟ ಖತಾವಣಿಯಲ್ಲಿ ಒಬ್ಬ ಸದಸ್ಯನ ಎಲ್ಲ ತಾರೀಖುಗಳು ಒಟ್ಟಿಗೆ ಸಿಗುತ್ತವೆ, ಒಂದು ತಾರೀಖಿನ ಎಲ್ಲ ಸದಸ್ಯರು ಸಿಗುವುದಿಲ್ಲ. ದಿನದ ಆವಕ ಪಟ್ಟಿ ಬೇಕಾದರೆ ತಾರೀಖಿಗೇ ಬೇರೆ ಇಂಡೆಕ್ಸ್ ಬೇಕು.

ತಾರೀಖಿನಲ್ಲಿ ಇನ್ನೂ ಒಂದು ತೊಡಕು. ಎಸ್‌ಕ್ಯುಎಲೈಟಿನಲ್ಲಿ ತಾರೀಖಿಗೆಂದು ಪ್ರತ್ಯೇಕ ಜಾತಿಯಿಲ್ಲ. ನಾವು ರೂಢಿಯಲ್ಲಿ ಬರೆಯುವಂತೆ ದಿನ, ತಿಂಗಳು, ವರ್ಷ ಎಂದು ಬರೆದರೆ ಅದು ಬರಿಯ ಅಕ್ಷರಗಳಾಗಿ ಕೂರುತ್ತದೆ. ಆಗ 02-12-2023 ಎಂಬುದು 15-01-2023ಕ್ಕಿಂತ ಮೊದಲು ಬಂದುಬಿಡುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2023-12-02 ಎಂದು ಬರೆದರೆ ಅಕ್ಷರಗಳ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತದೆ. ಪ್ರಶ್ನೆ ಕೇಳುವ ರೀತಿಯೂ ಹಾಗೆಯೇ. "ತಾರೀಖಿನ ಮೊದಲ ನಾಲ್ಕು ಅಂಕಿ ಕತ್ತರಿಸಿ ನೋಡು, 2023 ಇದೆಯೇ?" ಎಂದರೆ ಯಂತ್ರ ಎಲ್ಲ ಚೀಟಿಗಳನ್ನೂ ತೆಗೆದು ಕತ್ತರಿಸಿ ನೋಡಬೇಕು, ಖತಾವಣಿ ಇದ್ದೂ ವ್ಯರ್ಥ. "2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ" ಎಂದು ಕೇಳಿದರೆ ನೇರವಾಗಿ ಆ ಪುಟಕ್ಕೆ ಹೋಗುತ್ತದೆ. ಹೆಸರನ್ನು ನಡುವಿನ ಅಕ್ಷರಗಳಿಂದ ಹುಡುಕುವುದಕ್ಕೂ ಇದೇ ಉತ್ತರ. "ಎಲ್ಲಿಯಾದರೂ ಗೌಡ ಎಂದಿರುವವರು" ಎಂದು ಕೇಳಿದರೆ ಯಾವ ಖತಾವಣಿಯೂ ನೆರವಾಗದು. ನಮ್ಮ ಕಡೆ ಹಾಗೆ ಕೇಳಿದರೆ ಅರ್ಧ ಸಂಘವೇ ಬರುತ್ತದೆ ಎಂಬುದು ಬೇರೆ ಮಾತು.

ಹಾಗೆಂದು ಕಂಡದ್ದಕ್ಕೆಲ್ಲ ಇಂಡೆಕ್ಸ್ ಮಾಡಿಸುವುದೂ ಜಾಣತನವಲ್ಲ. ಒಂದು ಚೀಟಿ ಬರೆದರೆ ಎಷ್ಟು ಖತಾವಣಿಗಳಿವೆಯೋ ಅಷ್ಟರಲ್ಲಿಯೂ ಬರೆಯಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕೇ ಬಗೆ ಇರುವಾಗ ಬಗೆಯ ಮೇಲೆ ಇಂಡೆಕ್ಸ್ ಮಾಡಿದರೆ ಒಂದೊಂದು ಪುಟದಲ್ಲಿಯೂ ಕಾಲು ಭಾಗ ಕಿರ್ದಿ ಬಂದು ಕೂರುತ್ತದೆ. ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಹಳೆಯ ಚೀಟಿಗಳನ್ನು ಅಳಿಸುವ ಸಲಹೆಗೂ ಇಲ್ಲಿಯೇ ಉತ್ತರವಿದೆ. ಖತಾವಣಿ ಸರಿಯಾಗಿದ್ದರೆ ಹತ್ತು ವರ್ಷದ ಹಿಂದಿನ ಚೀಟಿ ಇಂದಿನ ಹುಡುಕಾಟಕ್ಕೆ ಅಡ್ಡ ಬರುವುದೇ ಇಲ್ಲ. ಅಳಿಸಿದರೆ ಹೋಗುವುದು ಸದಸ್ಯನ ಪುರಾವೆ ಮಾತ್ರ.

ಓದುವುದರ ತಡ ಒಂದಾದರೆ ಬರೆಯುವುದರ ತಡ ಇನ್ನೊಂದು. ತೂಕದ ಮನೆಯಿಂದ ಸಂಜೆ ಬಂದ ಚೀಟಿಗಳನ್ನು ಒಟ್ಟಿಗೆ ಸೇರಿಸುವಾಗ ಬಹಳ ಹೊತ್ತು ಹಿಡಿಯುತ್ತಿತ್ತು. ಇದರ ಕಾರಣ ಯಂತ್ರದ ಪ್ರಾಮಾಣಿಕತೆ ಎಂದೇ ಹೇಳಬೇಕು. ಒಂದು ವಹಿವಾಟು ಮುಗಿಯಿತೆಂದು ಹೇಳುವ ಮೊದಲು ಅದು ಡಿಸ್ಕಿನ ಮೇಲೆ ನಿಜವಾಗಿಯೂ ಬಿದ್ದಿತೇ ಎಂದು ಎಸ್‌ಕ್ಯುಎಲೈಟ್ ಕಾದು ನೋಡುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಮಾದರಿಯ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 60 ವಹಿವಾಟು ಮಾತ್ರ ಹೀಗೆ ಮುಗಿಸಲು ಸಾಧ್ಯ. ಒಂದೊಂದು ಚೀಟಿಯನ್ನೂ ಬೇರೆ ಬೇರೆ ವಹಿವಾಟಾಗಿ ಬರೆದರೆ ಪ್ರತಿ ಚೀಟಿಗೂ ಈ ಕಾಯುವಿಕೆ ಇದ್ದೇ ಇದೆ. ಸಂಜೆಯ ಚೀಟಿಗಳನ್ನೆಲ್ಲ "ಬಿಗಿನ್" ಮತ್ತು "ಕಮಿಟ್" ಎಂಬ ಎರಡು ಆಜ್ಞೆಗಳ ನಡುವೆ ಒಂದೇ ವಹಿವಾಟಾಗಿ ಬರೆದರೆ ಕಾಯುವುದು ಒಂದೇ ಸಲ. ಸಂತೆಗೆ ಒಂದೊಂದು ತೆಂಗಿನಕಾಯಿಗೂ ಒಂದೊಂದು ಸಲ ಹೋಗಿಬರುವವರು ಯಾರಿದ್ದಾರೆ?

ಈ ಕಾಯುವಿಕೆಯನ್ನೇ ನಿಲ್ಲಿಸಿಬಿಡುವ ಒಂದು ಆಜ್ಞೆಯೂ ಇದೆ. ವೇಗ ಬೇಕೆಂದು ಕೆಲವರು ಅದನ್ನು ಸೂಚಿಸುವುದುಂಟು. ನಾವು ಒಪ್ಪಲಿಲ್ಲ. ಬರೆಯುತ್ತಿರುವ ಕ್ಷಣದಲ್ಲಿ ಕರೆಂಟು ಹೋದರೆ ಕಡತವೇ ಕೆಡಬಹುದು, ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕರೆಂಟಿನ ಗುಣ ಎಲ್ಲರಿಗೂ ಗೊತ್ತೇ ಇದೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಪಡೆದ ಗಣಿಯ ಊರಿನವರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ನಗಲಿ. ಕಾಯುವಿಕೆಯನ್ನು ಹಾಗೆಯೇ ಬಿಟ್ಟರೆ ಕರೆಂಟು ಹೋದಾಗ ಮುಗಿಯದ ವಹಿವಾಟು ಮಾತ್ರ ರದ್ದಾಗಿ ಉಳಿದ ಲೆಕ್ಕ ಭದ್ರವಾಗಿರುತ್ತದೆ.

"ಡೇಟಾಬೇಸ್ ಈಸ್ ಲಾಕ್ಡ್" ಎಂಬ ಸೂಚನೆ ಕಂಡು ಗುಮಾಸ್ತರು ಗಾಬರಿಯಾಗುವುದುಂಟು. ಇದು ಕೆಟ್ಟುಹೋದ ಲಕ್ಷಣವಲ್ಲ. ಈ ಡೇಟಾಬೇಸಿನಲ್ಲಿ ಒಂದು ಕಾಲಕ್ಕೆ ಬರೆಯುವವನು ಒಬ್ಬನೇ. ಒಬ್ಬನ ಕೈಯಲ್ಲಿ ಲೇಖನಿ ಇರುವಾಗ ಇನ್ನೊಬ್ಬ ಕಾಯಬೇಕು. ಕಾಯುವ ಅವಧಿ ಕೆಲವು ಸೆಕೆಂಡು ಎಂದು ಪ್ರೋಗ್ರಾಮಿನಲ್ಲಿ ಹೇಳಿಟ್ಟರೆ ಬಹುಮಟ್ಟಿಗೆ ಈ ಸೂಚನೆ ಕಾಣುವುದೇ ಇಲ್ಲ. 2010ರಿಂದ "ವಾಲ್" ಎಂಬ ಇನ್ನೊಂದು ಕ್ರಮವೂ ಇದೆ, ಅದರಲ್ಲಿ ಒಬ್ಬ ಬರೆಯುವಾಗ ಉಳಿದವರು ಓದಲು ಅಡ್ಡಿಯಿಲ್ಲ. ಆದರೆ ಲೇಖನಿ ಹಿಡಿದವನು ನಡುವೆ ಕಾಫಿ ಕುಡಿಯಲು ಎದ್ದು ಹೋಗಬಾರದು. ಅಂದರೆ ನಮೂನೆ ತೆರೆದ ಕೂಡಲೇ ವಹಿವಾಟು ಶುರು ಮಾಡದೆ "ಸೇವ್" ಒತ್ತಿದಾಗಲೇ ಶುರು ಮಾಡಿ ಮುಗಿಸುವಂತೆ ಪ್ರೋಗ್ರಾಮ್ ಇರಬೇಕು. ಮತ್ತೊಂದು ಮಾತು: ಈ ಕಡತವನ್ನು ನೆಟ್‌ವರ್ಕಿನ ಹಂಚಿಕೆಯ ಫೋಲ್ಡರಿನಲ್ಲಿಟ್ಟು ಎರಡು ಮೂರು ಯಂತ್ರಗಳಿಂದ ನೇರವಾಗಿ ಬರೆಯುವುದು ಬೇಡ. ಲೇಖನಿ ಯಾರ ಕೈಯಲ್ಲಿದೆ ಎಂಬ ಸುದ್ದಿ ಅಲ್ಲಿ ಸರಿಯಾಗಿ ತಲುಪುವ ಭರವಸೆಯಿಲ್ಲ. ಕಡತವಿರುವ ಯಂತ್ರ ಒಂದೇ ಬರೆಯಲಿ, ಉಳಿದವು ಅದಕ್ಕೆ ಕಳುಹಿಸಲಿ.

ಇಲ್ಲಿಯವರೆಗೆ ಹೇಳಿದ್ದು ಕಾಲದ ವಿಷಯ. ಇನ್ನು ಹೇಳಬೇಕಾದ್ದು ದುಡ್ಡಿನ ವಿಷಯ.

ಮಾರಿಕುಪ್ಪಂನಲ್ಲಿ ಕುಳಿತು ತೂಕಗಳನ್ನು ಕೂಡಿಸಿ ನೋಡುವಾಗ, ಒಬ್ಬ ಸಣ್ಣ ಬೆಳೆಗಾರರ ಒಂದು ದಿನದ ಮೊತ್ತ ಕಣ್ಣಿಗೆ ಕಾಣುವ ಚೀಟಿಗಳ ಮೊತ್ತಕ್ಕಿಂತ ಕಡಿಮೆ ಬಂತು. ಕೂಡಿಸಿದ್ದು ಯಂತ್ರ, ಅದು ತಪ್ಪಲು ಸಾಧ್ಯವೇ? ಚೀಟಿಗಳನ್ನು ಒಂದೊಂದಾಗಿ ನೋಡಿದಾಗ ಒಂದರಲ್ಲಿ ತೂಕವನ್ನು ೪೫ ಎಂದು ಕನ್ನಡ ಅಂಕಿಯಲ್ಲಿ ದಾಖಲಿಸಿದ್ದು ಕಂಡಿತು. ಈಗಿನ ಫೋನುಗಳಲ್ಲಿ ಕನ್ನಡ ಕೀಲಿಮಣೆ ಇಟ್ಟುಕೊಂಡವರಿಗೆ ಕನ್ನಡ ಅಂಕಿಗಳೇ ಸುಲಭವಾಗಿ ಸಿಗುತ್ತವೆ. ಬರೆದವರದು ತಪ್ಪೆನ್ನಲಾಗದು, ನಮ್ಮ ಅಂಕಿ ನಮ್ಮದೇ. ಆದರೆ ಎಸ್‌ಕ್ಯುಎಲೈಟಿಗೆ 45 ಮಾತ್ರ ಸಂಖ್ಯೆ, ೪೫ ಎರಡು ಅಕ್ಷರ. ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದರೆ ಅದು ಬೇಡವೆನ್ನುವುದಿಲ್ಲ, ಇದ್ದಂತೆಯೇ ಇಟ್ಟುಕೊಳ್ಳುತ್ತದೆ. ಕೂಡಿಸುವಾಗ ಮಾತ್ರ ಅದನ್ನು ಸೊನ್ನೆಯೆಂದು ಎಣಿಸುತ್ತದೆ. ಪರದೆಯ ಮೇಲೆ ೪೫ ಎಂದು ಚೆನ್ನಾಗಿಯೇ ಕಾಣುತ್ತದೆ, ಮೊತ್ತದಲ್ಲಿ ಅದು ಇರುವುದಿಲ್ಲ. 1,250 ಎಂದು ನಡುವೆ ಅಲ್ಪವಿರಾಮ ಹಾಕಿ ಬರೆದರೂ ಅದು ಅಕ್ಷರವಾಗಿಯೇ ಉಳಿಯುತ್ತದೆ. ದರದಿಂದ ಗುಣಿಸುವಾಗ ಅಲ್ಪವಿರಾಮದವರೆಗೆ ಮಾತ್ರ ಓದಿ 1 ಎಂದು ತಿಳಿಯುತ್ತದೆ.

ನೂರಾರು ಮೂಟೆ ಹಾಕುವ ದೊಡ್ಡ ತೋಟದವರಿಗೆ 45 ಕಿಲೋ ಗಮನಕ್ಕೆ ಬಾರದೇ ಹೋದೀತು. ಒಂದು ಎಕರೆಯವನಿಗೆ ಅದು ಒಂದು ತಿಂಗಳ ದಿನಸಿ. ನಿಧಾನ ಎಲ್ಲರ ಕಣ್ಣಿಗೂ ಬೀಳುತ್ತದೆ, ಮಹಾಸಭೆಯಲ್ಲಿ ಅದರ ಮೇಲೆ ಭಾಷಣವಾಗುತ್ತದೆ. ಹೀಗೆ ಸದ್ದಿಲ್ಲದೆ ಸೊನ್ನೆಯಾದ ತೂಕದ ಬಗ್ಗೆ ಯಾರು ಮಾತನಾಡುತ್ತಾರೆ? ಇಂತಹವನ್ನು ಹುಡುಕುವ ಉಪಾಯ ಸರಳ. ತೂಕದ ಅಂಕಣದಲ್ಲಿ "ಟೈಪ್‌ಆಫ್" ಎಂಬ ಆಜ್ಞೆಯಿಂದ "ಟೆಕ್ಸ್ಟ್" ಎಂದು ಬರುವ ಸಾಲುಗಳನ್ನೆಲ್ಲ ಪಟ್ಟಿ ಮಾಡಿಸಬೇಕು. ಸಂಖ್ಯೆ ಇರಬೇಕಾದ ಕಡೆ ಅಕ್ಷರ ಕುಳಿತಿರುವುದೆಲ್ಲ ಹೊರಬೀಳುತ್ತದೆ. ಮುಂದೆ ಹೀಗಾಗದಂತೆ ತಡೆಯಲು 2021ರಲ್ಲಿ ಬಂದ "ಸ್ಟ್ರಿಕ್ಟ್" ಎಂಬ ಕಟ್ಟುನಿಟ್ಟಿನ ಕೋಷ್ಟಕಗಳಿವೆ. ಅವು ಸಂಖ್ಯೆಯಲ್ಲದ್ದನ್ನು ಬರೆಯುವಾಗಲೇ ತಿರಸ್ಕರಿಸುತ್ತವೆ. ಕನ್ನಡ ಅಂಕಿಯನ್ನು ಬೇಡವೆನ್ನುವುದಕ್ಕಿಂತ, ಬರೆದದ್ದನ್ನು ಪ್ರೋಗ್ರಾಮೇ ಬದಲಿಸಿ ಒಳಗೆ ಕಳುಹಿಸುವುದು ಮೇಲೆಂದು ನಾವು ಹೇಳಿ, ಹಾಗೆಯೇ ಮಾಡಿಸಿದ್ದೇವೆ.

ಇದರ ಒಡಹುಟ್ಟು ಹೆಸರಿನ ತೊಡಕು. ಲೋಕೇಶ್ ಎಂಬ ಹೆಸರನ್ನು ತೆಗೆದುಕೊಳ್ಳಿ. ಇದರ "ಲೋ" ಎಂಬ ಅಕ್ಷರವನ್ನು ಕಂಪ್ಯೂಟರಿನಲ್ಲಿ ಇಡಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಲಕಾರಕ್ಕೆ ಓತ್ವದ ಒಂದೇ ಸಂಕೇತ ಸೇರಿಸಬಹುದು. ಇಲ್ಲವೆ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿ ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ. ಯುನಿಕೋಡ್ ನಿಯಮದಂತೆಯೂ ಎರಡೂ ಸಮಾನ. ಆದರೆ ಎಸ್‌ಕ್ಯುಎಲೈಟ್ ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತದೆಯೇ ಹೊರತು ಕನ್ನಡವನ್ನು ಓದುವುದಿಲ್ಲ. ಅದಕ್ಕೆ ಇವರಿಬ್ಬರು ಬೇರೆ ಬೇರೆ ಲೋಕೇಶರು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡಿದ್ದರೂ ಅಷ್ಟೇ. ಯುನಿಕೋಡ್ ಬರುವ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಹಳೆಯ ಪಟ್ಟಿಗಳಂತೂ ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ್ದು. ಹೀಗಾಗಿ ಒಬ್ಬನೇ ಸದಸ್ಯನಿಗೆ ಎರಡು ಖಾತೆ ಹುಟ್ಟುತ್ತವೆ. ಒಂದರಲ್ಲಿ ಮುಂಗಡ ಸಾಲ ಇರುತ್ತದೆ, ಇನ್ನೊಂದರಲ್ಲಿ ಅಡಿಕೆಯ ಜಮಾ ಇರುತ್ತದೆ. ಸಾಲದ ಕಡೆ ಬಡ್ಡಿ ಓಡುತ್ತದೆ, ಜಮಾದ ಕಡೆ ಹಣ ಸುಮ್ಮನೆ ಕುಳಿತಿರುತ್ತದೆ. ಅಕಾರಾದಿ ಪಟ್ಟಿಯಲ್ಲಿ ಹಳ್ಳಿಯು ಹವಳಕ್ಕಿಂತ ಮುಂದೆ ಬಂದಿರುವುದನ್ನು ಕಂಡು ಕನ್ನಡದ ಮೇಷ್ಟರೊಬ್ಬರು ಆಕ್ಷೇಪಿಸಿದ್ದರು. ಅದಕ್ಕೂ ಇದೇ ಕಾರಣ. ಸಂಕೇತಗಳ ಸಾಲಿನಲ್ಲಿ ಳಕಾರವು ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಂತೆ ಕೊನೆಯಲ್ಲಿಲ್ಲ. ಅದರಿಂದ ಯಾರಿಗೂ ನಷ್ಟವಿಲ್ಲವೆಂದು ಸದ್ಯಕ್ಕೆ ಬಿಟ್ಟಿದ್ದೇವೆ.

ಹೆಸರುಗಳನ್ನು ಒಳಗೆ ತೆಗೆದುಕೊಳ್ಳುವಾಗಲೇ ಒಂದೇ ರೂಪಕ್ಕೆ ತರುವ ಏರ್ಪಾಡನ್ನು ಈಗ ಮಾಡಲಾಗಿದೆ. ಆದರೂ ಹೆಸರಿನಿಂದ ಲೆಕ್ಕ ಹುಡುಕುವುದೇ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮಾರಿಕುಪ್ಪಂನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತು. ಒಬ್ಬನ ಹೆಸರನ್ನೇ ಮೂರು ಕಾಗದಗಳಲ್ಲಿ ಮೂರು ಬಗೆಯಾಗಿ ಬರೆದಿರುವುದು ಅಲ್ಲಿ ಸಾಮಾನ್ಯ. ಕೆಳಗೆ ಇಳಿದವರ ಲೆಕ್ಕವನ್ನು ಗಣಿಯಲ್ಲಿ ಟೋಕನ್ ಸಂಖ್ಯೆಯ ಮೇಲೆ ಇಡುತ್ತಿದ್ದರೆಂದು ಆ ಹಿರಿಯರು ಹೇಳಿದರು. ಬಂಡೆ ಸಿಡಿದ ದಿನ ಯಾರು ಮೇಲೆ ಬಂದಿಲ್ಲವೆಂದು ತಿಳಿಯಲು ಹೆಸರು ಓದುತ್ತಾ ಕೂರಲು ವ್ಯವಧಾನವಿರುತ್ತಿರಲಿಲ್ಲ. ಯಾವ ಟೋಕನ್ ವಾಪಸು ಬಂದಿಲ್ಲವೆಂದು ನೋಡಿದರೆ ಸಾಕಿತ್ತು. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ನೋಂದಣಿ ಸಂಖ್ಯೆಯನ್ನು ಬಾಯಿಪಾಠ ಹೇಳುತ್ತಿದ್ದ ಬೆಳೆಗಾರರನ್ನು ನಾವು ಕಂಡಿದ್ದೇವೆ. ಸಂಘದ ಸದಸ್ಯ ಸಂಖ್ಯೆಯನ್ನೂ ಹಾಗೆಯೇ ನೆನಪಿಡಬೇಕೆಂದು ಕೋರುತ್ತೇವೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅದು ಇದೆ.

ಪ್ರತಿ ತೆಗೆದಿಡುವ ಬಗ್ಗೆ ಒಂದು ಮಾತು, ನೆರೆಯ ಸಂಘಗಳ ಗುಮಾಸ್ತರಿಗಾಗಿ. ಕೆಲಸ ನಡೆಯುತ್ತಿರುವಾಗ ಕಡತವನ್ನು ಸುಮ್ಮನೆ ಪೆನ್‌ಡ್ರೈವಿಗೆ ನಕಲು ಮಾಡಿದರೆ ಅರ್ಧ ಬರೆದ ಪುಟದ ಪ್ರತಿ ಸಿಕ್ಕೀತು. "ಬ್ಯಾಕಪ್" ಅಥವಾ "ವ್ಯಾಕ್ಯೂಮ್ ಇನ್‌ಟು" ಆಜ್ಞೆಯನ್ನೇ ಬಳಸಿ, ಆಮೇಲೆ ಆ ಪ್ರತಿಯ ಮೇಲೆ "ಇಂಟೆಗ್ರಿಟಿ ಚೆಕ್" ಓಡಿಸಿ "ಓಕೆ" ಎಂದು ಬಂದಿತೇ ನೋಡಬೇಕು. ಕಡತದ ಪಕ್ಕದಲ್ಲಿ ಅದೇ ಹೆಸರಿಗೆ "ವಾಲ್" ಎಂಬ ಬಾಲ ಸೇರಿದ ಇನ್ನೊಂದು ಕಡತ ಕಂಡರೆ ಕಸವೆಂದು ಅಳಿಸಬಾರದು. ಈಚಿನ ಚೀಟಿಗಳು ಅದರಲ್ಲಿಯೇ ಇರಬಹುದು.

ನಮ್ಮಲ್ಲಿ ಅಕ್ಷರವಾಗಿ ಕುಳಿತಿದ್ದ ತೂಕಗಳ ಪಟ್ಟಿ ತಯಾರಾಗಿದೆ. ಸದಸ್ಯ ಸಂಖ್ಯೆಯ ಕ್ರಮದಲ್ಲಿ ಅದನ್ನು ಕಾರ್ಯಾಲಯದ ಫಲಕದಲ್ಲಿ ಹಾಕಲಾಗುವುದು. ಎರಡು ಖಾತೆಗಳಾಗಿ ಒಡೆದವುಗಳನ್ನು ಒಂದುಗೂಡಿಸುವಾಗ ಸದಸ್ಯರ ಸಹಿ ಬೇಕಾಗುತ್ತದೆ. ತೂಕದ ಮನೆಯಲ್ಲಿ ಕೊಟ್ಟ ಹಳೆಯ ಕೈಚೀಟಿಗಳು ಮನೆಯ ಸೂರಿನಲ್ಲೋ ಪಂಚಾಂಗದ ನಡುವೆಯೋ ಇದ್ದರೆ ದಯಮಾಡಿ ಎಸೆಯದೆ, ಪಾಸ್‌ಬುಕ್ಕಿನೊಂದಿಗೆ ಕಾರ್ಯಾಲಯಕ್ಕೆ ತನ್ನಿ. ಶನಿವಾರ ಮಧ್ಯಾಹ್ನ ಈ ಕೆಲಸಕ್ಕೆಂದೇ ಒಂದು ಕೌಂಟರ್ ತೆರೆದಿರುತ್ತದೆ.